ಹಿಂದೆ ಬರುವ ಗಾಡಿ

(ಜೇವರ್ಗಿ ತಾಲ್ಲೂಕಿನ ಕೊಳಕೂರದಲ್ಲಿ ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರ ಮುಂದೆ ಆಡಿದ ಮಾತುಗಳ ಬರಹರೂಪ)



ಸಭೆ ಆರಂಭವಾಗುವ ಮೊದಲು ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಇವತ್ತಿನ ವಿಷಯವೇನು ಎಂದು ನನ್ನನ್ನು ಕೇಳಿದರು. ಆಫ್ರಿಕದ ಮರುಭೂಮಿಯಲ್ಲಿ ಸೈಕಲ್ ಪ್ರವಾಸ ಎಂದೆ. ದೂರದ ದೇಶಗಳಿಂದ ವಿಮಾನದಲ್ಲಿ ಅಲ್ಲಿಗೆ ಹೋಗಿ, ವಾರ ಹತ್ತು ದಿನ ಸೈಕಲ್ ತುಳಿದು ಬರುವವರಿದ್ದಾರೆ, ಅದಕ್ಕೆ ಲಕ್ಷಗಟ್ಟಲೆ ಹಣದ ಲೆಕ್ಕ ಇರುತ್ತದೆ ಎಂದು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ತಮ್ಮಾ, ಆ ರೊಕ್ಕ ತುಳಿಯವರೇ ಕೊಡ್ತಾರೋ, ತುಳಿಯವರಿಗೆ ಕೊಡ್ತಾರೋ?’ ಎಂದರು.

ನೀವು ನಗುತ್ತಿದ್ದೀರಿ. ನಾನೂ ಆಗ ನಕ್ಕೆ. ಆದರೆ ಆ ಪ್ರಶ್ನೆ ಸಣ್ಣದಲ್ಲ. ಬಿಸಿಲಿನಲ್ಲಿ ಮೈ ದಣಿಸುವುದಕ್ಕೆ ಕೂಲಿ ಕೊಡುವುದು ನಮಗೆ ಗೊತ್ತು. ಬಿಸಿಲಿನಲ್ಲಿ ಮೈ ದಣಿಸಲು ತಾನೇ ಹಣ ಕೊಡುವುದು ಹೊಸದು. ಒಬ್ಬರಿಗೆ ದುಡಿಮೆಯಾದದ್ದು ಇನ್ನೊಬ್ಬರಿಗೆ ವಿಹಾರವಾಗುವುದು ಹೇಗೆ? ಸೈಕಲ್ಲು ಅದೇ, ಬಿಸಿಲು ಅದೇ, ಗರಸಿನ ರಸ್ತೆಯೂ ಅದೇ. ವ್ಯತ್ಯಾಸ ಎಲ್ಲಿದೆ? ಇವತ್ತು ಇದನ್ನೇ ನೋಡೋಣ.

ಮೊದಲು ಆ ನೆಲದ ಪರಿಚಯ. ಇಂಥ ಪ್ರವಾಸಗಳಿಗೆ ಹೆಸರಾದ ದೇಶ ನಮೀಬಿಯಾ. ಆಫ್ರಿಕ ಖಂಡದ ನೈಋತ್ಯ ಮೂಲೆಯಲ್ಲಿ ಅಟ್ಲಾಂಟಿಕ್ ಸಾಗರದ ದಂಡೆಗೆ ಅದು ಇದೆ. 2022ರ ಸೆಪ್ಟೆಂಬರ್ 17ರಂದು ಮಧ್ಯಪ್ರದೇಶದ ಕುನೊ ಉದ್ಯಾನಕ್ಕೆ ಎಂಟು ಚೀತಾಗಳನ್ನು ತಂದು ಬಿಟ್ಟದ್ದು ನಿಮಗೆ ನೆನಪಿರಬಹುದು. ಅವು ಬಂದದ್ದು ಆ ದೇಶದಿಂದಲೇ. ವಿಸ್ತಾರದಲ್ಲಿ ನಮೀಬಿಯಾ ನಮ್ಮ ಕರ್ನಾಟಕದ ನಾಲ್ಕು ಪಟ್ಟಿಗಿಂತ ದೊಡ್ಡದು. ಜನರೋ, 2023ರ ಗಣತಿಯಂತೆ ಸುಮಾರು 30 ಲಕ್ಷ ಮಾತ್ರ. ನಮ್ಮ ರಾಜ್ಯದಲ್ಲಿ 2011ರಲ್ಲಿಯೇ ಆರು ಕೋಟಿ ದಾಟಿದ್ದರು. ಅಲ್ಲಿ ಒಂದು ಊರಿನಿಂದ ಇನ್ನೊಂದು ಊರಿಗೆ ನೂರಾರು ಕಿಲೋಮೀಟರು ಹೋದರೂ ಎದುರಿಗೆ ಮನುಷ್ಯರು ಸಿಗದಿರುವುದು ಸಾಮಾನ್ಯ.

ನಮೀಬ್ ಎಂಬ ಮರುಭೂಮಿಯಿಂದಲೇ ದೇಶಕ್ಕೆ ಆ ಹೆಸರು ಬಂದಿದೆ. ಜಗತ್ತಿನ ಅತಿ ಪುರಾತನ ಮರುಭೂಮಿಗಳಲ್ಲಿ ಅದೊಂದು. ಕರಾವಳಿಯ ಅಂಚಿನಲ್ಲಿ ವರ್ಷಕ್ಕೆ 20 ಮಿಲಿಮೀಟರು ಮಳೆಯೂ ಬೀಳುವುದಿಲ್ಲ. ಮಳೆ ಕೈಕೊಟ್ಟಿತು ಎಂದು ನಾವು ಕೊರಗುವ ವರ್ಷದಲ್ಲೂ ನಮ್ಮ ಹೊಲಗಳಿಗೆ ಅದರ ಎಷ್ಟೋ ಪಟ್ಟು ನೀರು ಬಿದ್ದಿರುತ್ತದೆ. ಸಮುದ್ರದಲ್ಲಿ ಹರಿಯುವ ತಣ್ಣನೆಯ ಬೆಂಗ್ವೆಲಾ ಪ್ರವಾಹದಿಂದಾಗಿ ಬೆಳಗಿನ ಜಾವ ದಟ್ಟ ಮಂಜು ಒಳನಾಡಿಗೆ ಸರಿಯುತ್ತದೆ. ಆ ಮಂಜಿನ ಹನಿಯನ್ನು ಮೈಮೇಲೆ ಹಿಡಿದು ಕುಡಿದು ಬದುಕುವ ದುಂಬಿಗಳು ಅಲ್ಲಿವೆ. ಸೊಸುಸ್‌ವ್ಲೇ ಎಂಬಲ್ಲಿ ಕೆಂಪು ಮರಳಿನ ದಿಬ್ಬಗಳು 300 ಮೀಟರಿಗಿಂತ ಎತ್ತರಕ್ಕೆ ಏಳುತ್ತವೆ. ವಿಜಯಪುರದ ಗೋಲಗುಮ್ಮಟವನ್ನು ಆರು ಸಲ ಒಂದರ ಮೇಲೊಂದು ಇಟ್ಟಷ್ಟು ಎತ್ತರ ಅದು. ಉತ್ತರಕ್ಕೆ ಹೋದರೆ ಕಲ್ಲುಗುಡ್ಡಗಳ ನಾಡು. ಒಣಗಿದ ಹೊಳೆಯ ಪಾತ್ರಗಳಲ್ಲಿ ನೀರನ್ನು ಹುಡುಕುತ್ತ ಅಲೆಯುವ ಆನೆಗಳು, ಬೇಲಿಯಿಲ್ಲದ ಬಯಲಿನಲ್ಲಿ ಉಳಿದುಕೊಂಡಿರುವ ಕಪ್ಪು ಘೇಂಡಾಮೃಗಗಳು, ಜಿರಾಫೆ, ಜೀಬ್ರಾಗಳು ಅಲ್ಲಿ ಕಾಣಸಿಗುತ್ತವೆ.

ಇಂಥ ಸೀಮೆಯಲ್ಲಿ ಸೈಕಲ್ಲು ಏಕೆ? ಜೀಪಿನಲ್ಲಿ ಕುಳಿತವನಿಗೆ ಎಂಜಿನ್ನಿನ ಸದ್ದು ಬಿಟ್ಟು ಬೇರೆ ಸದ್ದು ಕೇಳುವುದಿಲ್ಲ. ನಡೆದು ಹೋಗುವವನಿಗೆ ದೂರ ಸಾಗುವುದಿಲ್ಲ. ಸೈಕಲ್ಲು ಇವೆರಡರ ನಡುವಿನದು. ತಾಸಿಗೆ ಹನ್ನೆರಡು ಹದಿನೈದು ಕಿಲೋಮೀಟರು ಸಾಗುತ್ತ, ಗಾಳಿಯ ವಾಸನೆ ಹಿಡಿಯುತ್ತ, ಮಣ್ಣಿನ ಮೇಲಿನ ಹೆಜ್ಜೆ ಗುರುತು ನೋಡುತ್ತ ಹೋಗಬಹುದು. ನಮೀಬಿಯಾದ ಪೂರ್ವಕ್ಕಿರುವ ಬೋಟ್ಸ್ವಾನಾ ದೇಶದ ತೂಲಿ ಸೀಮೆಯಲ್ಲಿ ಆನೆಗಳು ತಲೆತಲಾಂತರದಿಂದ ನಡೆದು ಸವೆಸಿದ ದಾರಿಗಳೇ ಸೈಕಲ್ ದಾರಿಗಳಾಗಿವೆ. ದಿನ್ನೆ ಏರುವಾಗ ಆನೆ ಸುಲಭವಾದ ಇಳಿಜಾರನ್ನೇ ಹುಡುಕಿ ನಡೆಯುವುದರಿಂದ ಆ ದಾರಿ ಸವಾರರ ಕಾಲಿಗೂ ಹಗುರ. ಕೀನ್ಯಾದ ನೈವಾಷಾ ಸರೋವರದ ಬಳಿ ಹೆಲ್ಸ್ ಗೇಟ್ ಎಂಬ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿ ಬಾಡಿಗೆಗೆ ಸೈಕಲ್ ಹಿಡಿದು ಜೀಬ್ರಾ, ಜಿರಾಫೆಗಳ ನಡುವೆ ತಿರುಗಾಡಬಹುದು. ಅದಕ್ಕೆ ಲಕ್ಷ ರೂಪಾಯಿ ಬೇಕಿಲ್ಲ.

ಹಾಗಾದರೆ ಲಕ್ಷಗಟ್ಟಲೆ ಹಣ ಹೋಗುವುದು ಯಾವುದಕ್ಕೆ? ಐಷಾರಾಮಿ ಸೈಕಲ್ ಪ್ರವಾಸದ ಒಂದು ದಿನವನ್ನು ಕಣ್ಣ ಮುಂದೆ ತಂದುಕೊಳ್ಳಿ. ಹತ್ತು ಹನ್ನೆರಡು ಜನರ ತಂಡ. ನಸುಕಿನಲ್ಲಿ ಚಹಾ. ಬಿಸಿಲೇರುವ ಮೊದಲೇ ಸವಾರಿ ಆರಂಭ. ದಿನಕ್ಕೆ ನಲವತ್ತರಿಂದ ಎಂಬತ್ತು ಕಿಲೋಮೀಟರು. ಟೈರುಗಳು ನಮ್ಮ ಸೈಕಲ್ಲಿನ ಟೈರಿಗಿಂತ ಅಗಲ. ಅವುಗಳಿಗೆ ಗಾಳಿಯನ್ನು ಬೇಕೆಂದೇ ಕಡಿಮೆ ತುಂಬುತ್ತಾರೆ. ವಾಹನ ಓಡಾಡಿದ ಗರಸಿನ ರಸ್ತೆ ತಗಡಿನ ಹಾಗೆ ಅಲೆ ಅಲೆಯಾಗಿ ಎದ್ದಿರುತ್ತದೆ. ಮೆತ್ತಗಿನ ಅಗಲ ಟೈರು ಆ ಕುಲುಕಾಟವನ್ನು ನುಂಗುತ್ತದೆ, ಮರಳಿನಲ್ಲಿಯೂ ಬೇಗ ಹೂಳುವುದಿಲ್ಲ. ಟೈರಿನೊಳಗೆ ಟ್ಯೂಬಿನ ಬದಲು ಅಂಟಿನಂಥ ದ್ರವ ಇರುತ್ತದೆ. ಮುಳ್ಳು ಚುಚ್ಚಿದರೆ ಅದೇ ತೂತನ್ನು ಮುಚ್ಚಿಬಿಡುತ್ತದೆ. ಮುಳ್ಳಿನ ಕಾಟ ಅಲ್ಲಿಯೂ ಇದೆ. ನಮ್ಮ ಕೆರೆಯಂಗಳಗಳನ್ನು ನುಂಗಿದ ಬಳ್ಳಾರಿ ಜಾಲಿ, ನಮೀಬಿಯಾದ ಒಣಹೊಳೆಗಳ ದಂಡೆಯನ್ನೂ ಆಕ್ರಮಿಸಿದೆ. ಹೊರಗಿನಿಂದ ಬಂದು ನೆಲೆಯೂರಿದ ಈ ಗಿಡದ ವಿಷಯದಲ್ಲಿ ಅವರೂ ನಾವೂ ಬೀಗರು.

ಮುಂದೆ ಒಬ್ಬ ಮಾರ್ಗದರ್ಶಿ ಇರುತ್ತಾನೆ. ಆನೆ ಕಂಡರೆ ಆತ ಕೈ ಎತ್ತುತ್ತಾನೆ, ಎಲ್ಲರೂ ಇಳಿದು ಸುಮ್ಮನೆ ನಿಲ್ಲಬೇಕು. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ಆತ ನೋಡುತ್ತಾನೆ, ಏಕೆಂದರೆ ಆನೆ ಕಣ್ಣಿಗಿಂತ ಮೂಗನ್ನೇ ಹೆಚ್ಚು ನಂಬುತ್ತದೆ. ಸಿಂಹಗಳು ಹೆಚ್ಚಿರುವ ಕಡೆ ಸೈಕಲ್ಲು ಬಿಟ್ಟು ಜೀಪು ಹತ್ತುತ್ತಾರೆ. ಓಡುವುದನ್ನು ಕಂಡರೆ ಅಟ್ಟಿಸಿಕೊಂಡು ಹೋಗುವುದು ಸಿಂಹದ ಸ್ವಭಾವ. ಸಂಜೆ ಡೇರೆ ಸೇರಿದರೆ ಹಾಸಿಗೆ, ಬಿಸಿನೀರು, ಬಡಿಸಿಟ್ಟ ಊಟ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಸವಾರರ ಹಿಂದೆ ಸ್ವಲ್ಪ ಅಂತರ ಬಿಟ್ಟು ಒಂದು ಗಾಡಿ ಬರುತ್ತಿರುತ್ತದೆ. ಅದರಲ್ಲಿ ನೀರು, ಹಣ್ಣು, ಔಷಧ, ಬಿಡಿಭಾಗ, ರಿಪೇರಿಯವನು ಎಲ್ಲ ಇರುತ್ತದೆ. ಕಾಲು ಸೋತಿತೋ, ಬಿಸಿಲು ಹೆಚ್ಚಾಯಿತೋ, ಸುಮ್ಮನೆ ಬೇಸರವಾಯಿತೋ, ಸೈಕಲ್ಲನ್ನು ಗಾಡಿಯ ಮೇಲೆ ಹಾಕಿ ಒಳಗೆ ಕೂರಬಹುದು. ಯಾರೂ ಏಕೆಂದು ಕೇಳುವುದಿಲ್ಲ. ನನ್ನ ತಿಳಿವಳಿಕೆಯಲ್ಲಿ ಐಷಾರಾಮ ಎಂದರೆ ಡೇರೆಯ ಮೆತ್ತನೆಯ ಹಾಸಿಗೆಯಲ್ಲ, ಈ ಗಾಡಿ. ಬೇಕಾದಾಗ ತುಳಿಯುವ, ಬೇಡವಾದಾಗ ನಿಲ್ಲಿಸುವ ಸ್ವಾತಂತ್ರ್ಯ. ಕಟ್ಟೆಯ ಮೇಲಿನ ಹಿರಿಯರ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿ ಸಿಗುತ್ತದೆ. ನಿಲ್ಲಿಸಲು ಬಾರದ ದಣಿವು ದುಡಿಮೆ, ನಿಲ್ಲಿಸಬಹುದಾದ ದಣಿವು ವಿಹಾರ.

ಹಿಂದೆ ಗಾಡಿಯೇ ಇಲ್ಲದೆ ಮರುಭೂಮಿ ದಾಟಿದವರೂ ಇದ್ದಾರೆ, ಅವರಲ್ಲಿ ನಮ್ಮ ದೇಶದವರೇ ಇದ್ದಾರೆ. 1923ರ ಅಕ್ಟೋಬರ್ 15ರಂದು ಮುಂಬಯಿಯ ಆರು ಮಂದಿ ಪಾರ್ಸಿ ಯುವಕರು ಜಗತ್ತು ಸುತ್ತಲು ಸೈಕಲ್ ಹತ್ತಿದರು. ಅವರಲ್ಲಿ ಆದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭುಂಗಾರಾ ಎಂಬ ಮೂವರು ಪೂರ್ತಿ ಸುತ್ತಿ 1928ರ ಮಾರ್ಚಿನಲ್ಲಿ ಹಿಂತಿರುಗಿದರು. ಅವರು ಕ್ರಮಿಸಿದ ದೂರ ಸುಮಾರು 71,000 ಕಿಲೋಮೀಟರು. ಇರಾನ್, ಇರಾಕ್‌ಗಳ ಮರುಭೂಮಿಗಳು ಅವರ ಹಾದಿಯಲ್ಲಿದ್ದವು. 1924ರಲ್ಲಿ ಫ್ರಾಮ್ರೋಜ್ ದಾವರ್ ಎಂಬ ಇನ್ನೊಬ್ಬರು ಒಂಟಿಯಾಗಿ ಹೊರಟರು. ವೃತ್ತಿಯಿಂದ ಅವರು ಕ್ರೀಡಾ ಪತ್ರಕರ್ತರು, ಹಾಗಾಗಿ ನನಗೆ ಅವರ ಮೇಲೆ ವಿಶೇಷ ಅಭಿಮಾನ. ವಿಯೆನ್ನಾದಲ್ಲಿ ಆಸ್ಟ್ರಿಯಾದ ಗುಸ್ತಾವ್ ಎಂಬ ಜೊತೆಗಾರ ಸಿಕ್ಕ ಮೇಲೆ ಇಬ್ಬರೂ ಸೇರಿ ಸಹಾರಾ ಮರುಭೂಮಿಯನ್ನು ಸೈಕಲ್ಲಿನೊಂದಿಗೆ ದಾಟಿದರು. ಆ ಅನುಭವವನ್ನು ದಾವರ್ ಪುಸ್ತಕವಾಗಿಯೂ ಬರೆದರು. ಗೇರ್ ಇರಲಿಲ್ಲ, ನಕ್ಷೆ ಅಪೂರ್ಣ, ಮರಳಿನಲ್ಲಿ ಸವಾರನೇ ಸೈಕಲ್ಲನ್ನು ತಳ್ಳಬೇಕು.

ಅವರ ಹಿಂದೆ ಗಾಡಿ ಇರಲಿಲ್ಲ ನಿಜ. ಆದರೆ ದಾರಿಯ ಊರುಗಳಿದ್ದವು. ನೀರು ಕೊಟ್ಟವರು, ರೊಟ್ಟಿ ಕೊಟ್ಟವರು, ಬಾವಿ ಎಲ್ಲಿದೆ ಎಂದು ಬೆರಳು ತೋರಿಸಿದವರು. ಅಂಥವರ ಹೆಸರು ಚರಿತ್ರೆಯಲ್ಲಿ ಉಳಿಯುವುದಿಲ್ಲ. ಗಾಣಗಾಪುರಕ್ಕೋ ಘತ್ತರಗಿಗೋ ಪಾದಯಾತ್ರೆಯಲ್ಲಿ ಹೋಗುವವರಿಗೆ ದಾರಿಯ ಊರಿನವರು ನೀರು, ಅಂಬಲಿ ಕೊಡುವುದನ್ನು ನೋಡಿದ ನಿಮಗೆ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಎರಡನೆಯ ಪ್ರಶ್ನೆ. ಪ್ರವಾಸಿ ಕೊಟ್ಟ ಹಣ ಯಾರ ಕೈ ಸೇರುತ್ತದೆ? ಆನೆ, ಘೇಂಡಾಮೃಗ ಇರುವ ನೆಲ ಯಾರದೋ ದನಕರು ಮೇಯುವ ನೆಲವೂ ಹೌದು. ಅವರಿಗೇನು?

ಇಲ್ಲಿ ನಮೀಬಿಯಾದ ಕಥೆ ಕೇಳುವಂಥದ್ದು. ಅದು ಮೊದಲು ಜರ್ಮನರ ವಸಾಹತಾಗಿತ್ತು. 1904ರಿಂದ 1908ರವರೆಗೆ ಹೆರೆರೊ ಮತ್ತು ನಾಮಾ ಜನರ ನರಮೇಧ ಅಲ್ಲಿ ನಡೆಯಿತು. ಬದುಕುಳಿದವರ ನೆಲ ಹೋಯಿತು. ಆನಂತರ ಬಂದದ್ದು ದಕ್ಷಿಣ ಆಫ್ರಿಕದ ಆಳ್ವಿಕೆ. 1975ರ ಹೊತ್ತಿಗೆ ಬಿಳಿಯ ಜಮೀನುದಾರರಿಗೆ ತಮ್ಮ ಜಮೀನಿನ ವನ್ಯಪ್ರಾಣಿಗಳ ಮೇಲೆ ಹಕ್ಕು ಸಿಕ್ಕಿತ್ತು. ಪ್ರಾಣಿಗಳಿಂದ ಅವರು ಆದಾಯ ಪಡೆಯಬಹುದಿತ್ತು. ಸಮುದಾಯದ ನೆಲದಲ್ಲಿ ಬದುಕುತ್ತಿದ್ದ ಕಪ್ಪು ಜನರಿಗೆ ಆ ಹಕ್ಕು ಇರಲಿಲ್ಲ. ಆನೆ ಬಂದು ನೀರಿನ ತೊಟ್ಟಿ ಒಡೆದರೆ ನಷ್ಟ ಅವರದು, ಆನೆ ಮಾತ್ರ ಸರ್ಕಾರದ್ದು. 1980ರ ಸುಮಾರಿಗೆ ಭೀಕರ ಬರ ಬಿದ್ದು ದನಕರುಗಳು ಸತ್ತವು, ಕಳ್ಳಬೇಟೆ ಹೆಚ್ಚಿ ಘೇಂಡಾಮೃಗಗಳು ಮುಗಿಯುವ ಹಂತಕ್ಕೆ ಬಂದವು. ಆಗ ಗಾರ್ತ್ ಓವನ್ ಸ್ಮಿತ್ ಎಂಬ ಸಂರಕ್ಷಣಾ ಕಾರ್ಯಕರ್ತ ಊರ ಮುಖಂಡರ ಬಳಿ ಹೋಗಿ, ಕಾವಲುಗಾರರನ್ನು ನೀವೇ ಆರಿಸಿ ಎಂದು ಕೇಳಿಕೊಂಡ. ಊರವರೇ ಆರಿಸಿದ ಕಾವಲುಗಾರರು ಕೆಲಸಕ್ಕೆ ನಿಂತ ಮೇಲೆ ಕಳ್ಳಬೇಟೆ ಇಳಿಯಿತು.

1990ರ ಮಾರ್ಚ್ 21ರಂದು ದೇಶ ಸ್ವತಂತ್ರವಾಯಿತು. 1996ರಲ್ಲಿ ಬಂದ ಕಾನೂನು, ಬಿಳಿಯ ಜಮೀನುದಾರರಿಗೆ ಇದ್ದಂಥ ಹಕ್ಕನ್ನು ಸಮುದಾಯಗಳಿಗೂ ಕೊಟ್ಟಿತು. ಊರಿನವರು ಸದಸ್ಯರ ಪಟ್ಟಿ ಮಾಡಿ, ಎಲ್ಲೆ ಗುರುತಿಸಿ, ಸಮಿತಿ ಕಟ್ಟಿ ನೋಂದಣಿ ಮಾಡಿಸಿದರೆ ಆ ಎಲ್ಲೆಯೊಳಗಿನ ವನ್ಯಪ್ರಾಣಿ ಮತ್ತು ಪ್ರವಾಸೋದ್ಯಮದ ಆದಾಯದ ಮೇಲೆ ಅವರಿಗೆ ಹಕ್ಕು. ಮೊದಲ ನಾಲ್ಕು ಸಮುದಾಯ ಸಂರಕ್ಷಣಾ ಪ್ರದೇಶಗಳು 1998ರಲ್ಲಿ ನೋಂದಣಿಯಾದವು. ಆಮೇಲೆ ಅವು ಎಂಬತ್ತು ದಾಟಿ, ದೇಶದ ಸುಮಾರು ಐದನೇ ಒಂದು ಭಾಗವನ್ನು ಆವರಿಸಿದವು. ಅಲ್ಲಿ ಡೇರೆ ಹಾಕುವ, ವಸತಿಗೃಹ ಕಟ್ಟುವ ಕಂಪನಿ ಆ ಸಮಿತಿಯೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕು, ಆದಾಯದಲ್ಲಿ ಪಾಲು ಕೊಡಬೇಕು, ಕೆಲಸವನ್ನು ಅಲ್ಲಿನವರಿಗೆ ಕೊಡಬೇಕು. ಆನೆ ಕಂಡಾಗ ಕೈ ಎತ್ತುವ ಆ ಮಾರ್ಗದರ್ಶಿ, ಅಪ್ಪನ ಕಾಲದಲ್ಲಿ ಅದೇ ಬಯಲಿನಲ್ಲಿ ಆಡು ಕಾಯ್ದ ಮನೆಯ ಮಗನಾಗಿರಬಹುದು.

ಇದನ್ನು ಸುಖಾಂತದ ಕಥೆ ಎಂದು ನಾನು ಮಾರಲು ಬಂದಿಲ್ಲ. ಪಾಲು ಬಂದರೂ ತಲೆಗೆ ಹಂಚಿದರೆ ಎಷ್ಟೋ ಕಡೆ ಅದು ಚಿಲ್ಲರೆ. 2020ರಲ್ಲಿ ಕೋವಿಡ್ ಬಂದು ವಿಮಾನ ನಿಂತಾಗ ಆದಾಯವೂ ನಿಂತಿತು. ಸಿಂಹ ದನ ತಿನ್ನುವುದು ನಿಂತಿಲ್ಲ. 2024ರಲ್ಲಿ ಬರ ಎಷ್ಟು ಘೋರವಾಗಿತ್ತೆಂದರೆ, ಹಸಿದವರಿಗೆ ಮಾಂಸ ಹಂಚಲು 83 ಆನೆ ಸೇರಿ 723 ವನ್ಯಪ್ರಾಣಿಗಳನ್ನು ಕೊಲ್ಲುವ ಯೋಜನೆಯನ್ನು ಅಲ್ಲಿನ ಸರ್ಕಾರ ಪ್ರಕಟಿಸಿತು. ಪ್ರವಾಸೋದ್ಯಮವೊಂದನ್ನೇ ನೆಚ್ಚಿದ ಊರು ಒಂಟಿ ಎತ್ತಿನ ಬಂಡಿಯಂತೆ. ಆದರೂ ಒಂದು ಮಾತು ನಿಲ್ಲುತ್ತದೆ. ಕಂಪನಿಯ ಎದುರು ಕುಳಿತು ‘ಇಷ್ಟು ಕೊಡಿ, ಇಲ್ಲವಾದರೆ ಬೇಡ’ ಎನ್ನುವ ಬಲ ಆ ಜನರಿಗೆ ಬಂದದ್ದು ಕಾನೂನಿನಿಂದ. ಪ್ರವಾಸಿಯ ಹಿಂದೆ ಗಾಡಿ ಬರುವಂತೆ, ಊರಿನವರ ಹಿಂದೆ ಆ ಕಾನೂನು ಬಂತು.

ಇನ್ನು ನಮ್ಮ ಕಡೆಗೆ ಬರೋಣ. ಗುಂಪು ಕಟ್ಟಿಕೊಂಡು ಸೈಕಲ್ ಪ್ರವಾಸ ಹೋಗುವುದು ಕರ್ನಾಟಕಕ್ಕೂ ಬಂದಾಗಿದೆ. ‘ಟೂರ್ ಆಫ್ ನೀಲಗಿರಿಸ್’ ಎಂಬ ಸವಾರಿ 2008ರಲ್ಲಿ ಆರಂಭವಾಯಿತು. ಮೈಸೂರು, ಕೊಡಗು, ನೀಲಗಿರಿಗಳ ದಾರಿಯಲ್ಲಿ ದೇಶವಿದೇಶಗಳ ಸವಾರರು ಅದರಲ್ಲಿ ಪಾಲ್ಗೊಂಡಿದ್ದಾರೆ. ಅವರ ಹಿಂದೆಯೂ ಗಾಡಿಗಳಿರುತ್ತವೆ. ಇತ್ತ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ಕೊಟ್ಟಿವೆ. ಅವರಲ್ಲಿ ಹೆಚ್ಚಿನವರು ಹೊಲ ಮನೆ ಕೆಲಸ ಮಾಡಿಕೊಂಡೇ ತುಳಿದವರು.

ನಾಳೆ ಯಾರಾದರೂ ಭೀಮಾ ತೀರದಲ್ಲಿ ಸೈಕಲ್ ಪ್ರವಾಸ ಮಾಡುತ್ತೇವೆಂದು ಬಂದರೆ ತೋರಿಸಲು ನಮ್ಮಲ್ಲಿ ಏನೂ ಇಲ್ಲವೇ? ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮಾ ಅಮರ್ಜಾ ಸಂಗಮವಿದೆ. ಆಳಂದದಲ್ಲಿ ಲಾಡ್ಲೆ ಮಶಾಕರ ದರ್ಗಾ ಇದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ, ಅಶೋಕ ಚಕ್ರವರ್ತಿಯ ರೂಪವನ್ನು ಅವನ ಹೆಸರಿನೊಂದಿಗೆ ಕೆತ್ತಿದ ಕಲ್ಲು ಸಿಕ್ಕಿದೆ. ಚಿಂಚೋಳಿಯಲ್ಲಿ 2011ರಲ್ಲಿ ಘೋಷಣೆಯಾದ ವನ್ಯಧಾಮವಿದೆ. ತೊಗರಿ ಹೊಲದಲ್ಲಿ ಜಿಗಿಯುವ ಚಿಗರಿಯನ್ನು ನಾವು ಬೆಳೆ ತಿನ್ನುವ ಪೀಡೆ ಎಂದು ನೋಡುತ್ತೇವೆ. ಅದೇ ಚಿಗರಿಯನ್ನು ನೋಡಲು ದೂರದಿಂದ ಬರುವವರೂ ಇದ್ದಾರೆ. ಎರಡೂ ನಿಜ. ಬೆಳೆ ಕಳೆದುಕೊಂಡವನಿಗೆ ನೋಡಲು ಬಂದವನ ಹಣದಲ್ಲಿ ಪಾಲು ಇದೆಯೇ ಎಂಬುದೇ ಪ್ರಶ್ನೆ. ನಮೀಬಿಯಾದಿಂದ ನಾವು ಕಲಿಯಬೇಕಾದದ್ದು ಡೇರೆ ಹಾಕುವುದನ್ನಲ್ಲ, ಡೇರೆ ಹಾಕುವವನ ಜೊತೆ ಮೊದಲೇ ಮಾತು ಮುಗಿಸಿಕೊಳ್ಳುವುದನ್ನು.

ಆದರೆ ಪ್ರವಾಸಿ ಬರುವವರೆಗೆ ಕಾಯಬೇಕಿಲ್ಲ. ಸೈಕಲ್ ಸವಾರರು ನಮ್ಮ ದಾರಿಯಲ್ಲಿ ಈಗಾಗಲೇ ಇದ್ದಾರೆ. ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ.

ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಬಿಹಾರದಲ್ಲಿಯೂ 2006ರಲ್ಲಿ ಒಂಬತ್ತನೇ ತರಗತಿಯ ಹೆಣ್ಣುಮಕ್ಕಳಿಗೆ ಇಂಥದೇ ಯೋಜನೆ ಬಂತು. ಅದರ ಫಲವನ್ನು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅಳೆದು ನೋಡಿದರು. ಸರಿಯಾದ ವಯಸ್ಸಿಗೆ ಹೈಸ್ಕೂಲು ಸೇರುವ ಹೆಣ್ಣುಮಕ್ಕಳ ಪ್ರಮಾಣ ಶೇ 32ರಷ್ಟು ಏರಿತ್ತು. ಗಂಡು ಹೆಣ್ಣುಮಕ್ಕಳ ನಡುವಿನ ಅಂತರ ಶೇ 40ರಷ್ಟು ಇಳಿದಿತ್ತು. ಹೈಸ್ಕೂಲು ಮೂರು ಕಿಲೋಮೀಟರಿಗಿಂತ ದೂರವಿದ್ದ ಊರುಗಳಲ್ಲಿಯೇ ಈ ಫಲ ಹೆಚ್ಚು ಕಂಡಿತು. ನಮೀಬಿಯಾದ ನೆರೆಯ ಜಾಂಬಿಯಾ ದೇಶದಲ್ಲಿಯೂ ಹೆಣ್ಣುಮಕ್ಕಳಿಗೆ ಸೈಕಲ್ ಕೊಟ್ಟು ನೋಡಿದರು. ಶಾಲೆಗೆ ಹೋಗಿಬರುವ ಸಮಯ ಮೂರನೇ ಒಂದು ಭಾಗದಷ್ಟು ಇಳಿಯಿತು, ಗೈರುಹಾಜರಿ ಕಾಲು ಭಾಗಕ್ಕೂ ಹೆಚ್ಚು ಕಡಿಮೆಯಾಯಿತು. ಅಲ್ಲಿ ಬರೀ ಸೈಕಲ್ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ಸ್ಥಳೀಯರಿಗೆ ರಿಪೇರಿ ಕಲಿಸಿದರು, ಮೇಲ್ವಿಚಾರಣೆಗೆ ಊರಿನದೇ ಸಮಿತಿ ಮಾಡಿದರು. ಅಂದರೆ ಸೈಕಲ್ಲಿನ ಹಿಂದೆ ಬರುವ ಗಾಡಿಯನ್ನೂ ಕೊಟ್ಟರು.

ನಮ್ಮಲ್ಲಿ ಆದದ್ದೇನು? 2020ರಲ್ಲಿ ಕೋವಿಡ್ ಕಾಲಕ್ಕೆ ಶಾಲೆಗಳು ಮುಚ್ಚಿದವು, ನಂತರದ ವರ್ಷಗಳಲ್ಲಿ ಸೈಕಲ್ ವಿತರಣೆ ನಿಂತುಹೋಯಿತು. ಶಾಲೆಗಳು ತೆರೆದವು, ಸೈಕಲ್ಲು ಬರಲಿಲ್ಲ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಯಿತು. ಒಳ್ಳೆಯದೇ. ಆದರೆ ಬಸ್ಸೇ ಬರದ ಹೊತ್ತಿನಲ್ಲಿ, ಬಸ್ಸೇ ಹೋಗದ ದಾರಿಯಲ್ಲಿ ಉಚಿತ ಟಿಕೆಟಿನಿಂದ ಏನು ಉಪಯೋಗ? ಮಳೆಗಾಲದಲ್ಲಿ ಎರೆ ಮಣ್ಣು ಮಡ್‌ಗಾರ್ಡಿಗೆ ಮೆತ್ತಿ ಗಾಲಿ ತಿರುಗುವುದಿಲ್ಲ. ಬೇಸಿಗೆಯಲ್ಲಿ ಜಾಲಿ ಮುಳ್ಳು. ಟೈರಿನೊಳಗೆ ಅಂಟಿನ ದ್ರವವಿಲ್ಲ. ಪಂಕ್ಚರ್ ಆದರೆ ಆ ದಿನದ ಮೊದಲ ಪಾಠ ಹೋಯಿತು. ನಾಲ್ಕು ಸಲ ತಡವಾದರೆ ಮನೆಯಲ್ಲಿ ಒಂದು ಮಾತು ಹುಟ್ಟುತ್ತದೆ: ‘ಸಾಕು ಬಿಡವ್ವಾ, ಮನ್ಯಾಗ ಇರು.’ ಆ ಮಾತು ಸಿಟ್ಟಿನಿಂದ ಬರುವುದಿಲ್ಲ, ಹೆಚ್ಚಾಗಿ ಕಾಳಜಿಯಿಂದಲೇ ಬರುತ್ತದೆ. ಆದರೆ ಒಂದು ಹುಡುಗಿಯ ಓದು ಅಲ್ಲಿಗೆ ಮುಗಿಯುತ್ತದೆ.

ಮರುಭೂಮಿಯ ಪ್ರವಾಸಿ ಗಾಡಿ ಹತ್ತಿದರೆ ಸಂಜೆ ಡೇರೆ ಸೇರುತ್ತಾನೆ. ನಮ್ಮ ಹುಡುಗಿ ಸೈಕಲ್ ಇಳಿದರೆ ಎಲ್ಲಿಗೂ ಸೇರುವುದಿಲ್ಲ. ಇಬ್ಬರೂ ತುಳಿಯುವುದು ಅದೇ ಎರಡು ಪೆಡಲ್ಲು.

ಹಾಗಾಗಿ ನನ್ನ ವಿನಂತಿ ಇಷ್ಟೇ. ಸೈಕಲ್ ಯೋಜನೆಯನ್ನು ಗ್ರಾಮಸಭೆಯಲ್ಲಿ ಕೇಳಿ, ಠರಾವು ಮಾಡಿ ಕಳಿಸಿ. ಅದು ಬರುವವರೆಗೆ ಊರಿನಿಂದಲೇ ಆಗುವ ಕೆಲಸವೂ ಇದೆ. ಶಾಲೆಯಲ್ಲಿ ಒಂದು ಪಂಪು, ಒಂದು ಪಂಕ್ಚರ್ ಡಬ್ಬಿ, ರಿಪೇರಿ ಬಲ್ಲ ಒಬ್ಬರು ವಾರಕ್ಕೊಂದು ದಿನ. ದಾರಿಯ ಬದಿಯ ಜಾಲಿಯನ್ನು ಮಳೆಗಾಲಕ್ಕೆ ಮೊದಲು ಒಮ್ಮೆ ಕಡಿದು ಹಾಕುವುದು. ಹೆಣ್ಣುಮಕ್ಕಳು ಗುಂಪಾಗಿ ಹೋಗಿಬರುವಂತೆ ಹೊತ್ತು ಹೊಂದಿಸುವುದು. ಇವುಗಳಲ್ಲಿ ಯಾವುದಕ್ಕೂ ಲಕ್ಷ ರೂಪಾಯಿ ಬೇಕಿಲ್ಲ.

ಕಟ್ಟೆಯ ಮೇಲೆ ಕೇಳಿದ ಹಿರಿಯರು ಈಗ ಹಿಂದೆ ಬಾಗಿಲ ಬಳಿ ನಿಂತಿದ್ದಾರೆ. ಅಪ್ಪಾರೇ, ಅಲ್ಲಿ ತುಳಿಯುವವರೇ ರೊಕ್ಕ ಕೊಡುತ್ತಾರೆ. ಆ ರೊಕ್ಕ ಕೊಟ್ಟು ಅವರು ಕೊಳ್ಳುವುದು, ತಮ್ಮ ಹಿಂದೆ ಒಂದು ಗಾಡಿ ಬರುತ್ತಿದೆ ಎಂಬ ಧೈರ್ಯವನ್ನು. ನಮ್ಮ ಮಕ್ಕಳಿಗೆ ಅದನ್ನು ಕೊಳ್ಳಲು ಆಗುವುದಿಲ್ಲ. ಅವರ ಹಿಂದೆ ನಾವೇ ಹೋಗಬೇಕು.